ಮೊಬೈಲ್ ತರಂಗ: ಅಂಜಿಕೆ ಬೇಡ, ಎಚ್ಚರ ಇರಲಿ



ಈಗ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಮೊಬೈಲ್ ಇದೆ. ಬೆಂಗಳೂರಿಗೆ ದುಡಿಯಲು ಹೋದ ಮಗ ಅದರಲ್ಲೇ ಮಾತಾಡುತ್ತಾನೆ. ಬ್ಯಾಂಕಿಗೆ ಹಣ ಬಂದ ಸುದ್ದಿ ಅದರಲ್ಲೇ ಬರುತ್ತದೆ. ಆದರೆ ಮೊಬೈಲ್ ಎಂದರೆ ಮನಸ್ಸಿನಲ್ಲಿ ಅಂಜಿಕೆಯೂ ಇದೆ. ರಾಯಚೂರು, ದೇವದುರ್ಗ, ಮಾನ್ವಿ, ಎಲ್ಲಿ ಹೋದರೂ ಅಕ್ಕಂದಿರು ಹೀಗೆ ಕೇಳುತ್ತಾರೆ:

"ಅಕ್ಕೋರೆ, ಟವರ್ ಹತ್ರ ಮನಿ ಇದ್ರ ಕ್ಯಾನ್ಸರ್ ಬರ್ತದಂತ. ಖರೇ ಏನ್ರಿ?"

"ಬಸುರಿ ಇದ್ದಾಕಿ ಫೋನ್ ಮುಟ್ಟಬಾರ್ದಂತ. ಹೌದೇನ್ರಿ?"

"ತಲಿದಿಂಬಿನ ಕೆಳಗ ಇಟ್ಟು ಮಲಗಿದ್ರ ಏನಾರ ಆಗ್ತದೇನ್ರಿ?"

ಇವು ಒಳ್ಳೆಯ ಪ್ರಶ್ನೆಗಳು. ತರಂಗ ಕಣ್ಣಿಗೆ ಕಾಣುವುದಿಲ್ಲ. ಕಾಣದ್ದಕ್ಕೆ ಅಂಜಿಕೆ ಹೆಚ್ಚು. ಆದರೆ ಬರೀ ಅಂಜಿದರೆ ನಷ್ಟವೂ ಇದೆ. ಬಸುರಿಯ ಕೈಯಿಂದ ಫೋನ್ ಕಸಿದು ಇಟ್ಟರೆ, ನಡುರಾತ್ರಿ ಹೊಟ್ಟೆನೋವು ಬಂದಾಗ 108ಕ್ಕೆ ಫೋನ್ ಮಾಡುವವರು ಯಾರು? ಅದಕ್ಕೇ ಸರಿಯಾಗಿ ತಿಳಿದುಕೊಳ್ಳೋಣ.

ತರಂಗ ಎಂದರೇನು?

ಬಾವಿಗೆ ಒಂದು ಕಲ್ಲು ಹಾಕಿ ನೋಡಿ. ನೀರಿನ ಮೇಲೆ ಅಲೆ ಏಳುತ್ತದೆ. ಅಲೆ ಸುತ್ತಲೂ ಹರಡುತ್ತದೆ. ದೂರ ಹೋದಂತೆ ಸಣ್ಣದಾಗುತ್ತದೆ. ತರಂಗ ಎಂದರೆ ಅಲೆ. ಮೊಬೈಲಿನಿಂದ ಹೊರಡುವುದು ರೇಡಿಯೊ ಅಲೆ.

ಇದು ಹೊಸದಲ್ಲ. ಹಿಂದೆ ಕಲಬುರ್ಗಿ ಆಕಾಶವಾಣಿಯ ಹಾಡು, ವಾರ್ತೆ ನಮ್ಮ ಮನೆಯ ರೇಡಿಯೊದಲ್ಲಿ ಕೇಳುತ್ತಿದ್ದವು. ತಂತಿ ಇರಲಿಲ್ಲ. ಅಲೆ ಗೋಡೆ ದಾಟಿ ಬರುತ್ತಿತ್ತು. ರೇಡಿಯೊ ಬರೀ ಕೇಳುತ್ತದೆ. ಮೊಬೈಲ್ ಕೇಳುತ್ತದೆ, ಮಾತನ್ನೂ ಕಳಿಸುತ್ತದೆ. ನಮ್ಮ ಮಾತು ಅಲೆಯಾಗಿ ಟವರಿಗೆ ಹೋಗುತ್ತದೆ. ಕಿವಿಯ ಹತ್ತಿರ ಫೋನ್ ಹಿಡಿದಾಗ ಆ ಅಲೆಯಲ್ಲಿ ಒಂದು ಪಾಲನ್ನು ನಮ್ಮ ತಲೆ ಹೀರಿಕೊಳ್ಳುತ್ತದೆ.

ಎಕ್ಸರೇ ಬೇರೆ, ಇದು ಬೇರೆ

ಆಸ್ಪತ್ರೆಯಲ್ಲಿ ಎಕ್ಸರೇ ತೆಗೆಯುವಾಗ ಬಸುರಿ ಇದ್ದೀರಾ ಎಂದು ಕೇಳುತ್ತಾರೆ. ಯಾಕೆ? ಎಕ್ಸರೇ ಕಿರಣಕ್ಕೆ ಬಲ ಹೆಚ್ಚು. ಅದು ಮೈಯ ಒಳಗಿನ ಸೂಕ್ಷ್ಮ ಕಣಗಳನ್ನೇ ಮುರಿಯಬಲ್ಲದು.

ಮೊಬೈಲ್ ಅಲೆಗೆ ಅಷ್ಟು ಬಲ ಇಲ್ಲ. ಅದು ಕಣವನ್ನು ಮುರಿಯಲಾರದು. ಅದರಿಂದ ಆಗುತ್ತದೆ ಎಂದು ಖಚಿತವಾಗಿ ಗೊತ್ತಿರುವುದು ಒಂದೇ. ಬಲ ಬಹಳ ಹೆಚ್ಚಾದರೆ ಮೈ ಬಿಸಿಯಾಗುತ್ತದೆ. ಆ ಬಿಸಿ ಮಿತಿ ಮೀರಬಾರದು ಎಂದೇ ಸರ್ಕಾರ ನಿಯಮ ಮಾಡಿದೆ.

ಬಹಳ ಹೊತ್ತು ಮಾತಾಡಿದರೆ ಕಿವಿ ಬಿಸಿಯಾಗುತ್ತದಲ್ಲ? ಅದು ಹೆಚ್ಚಾಗಿ ಬ್ಯಾಟರಿಯ ಶಾಖ. ಫೋನನ್ನು ಕಿವಿಗೆ ಒತ್ತಿ ಹಿಡಿಯುವುದರಿಂದಲೂ ಬಿಸಿ ಎನಿಸುತ್ತದೆ.

ಸಿಗ್ನಲ್ ಕಡಿಮೆ ಆದರೆ ಫೋನ್ ಕೂಗುತ್ತದೆ

ಹತ್ತಿ ಬಿಡಿಸುವಾಗ ಪಕ್ಕದ ಸಾಲಿನ ಗೆಳತಿಯ ಜೊತೆ ಮೆಲ್ಲಗೆ ಮಾತಾಡುತ್ತೀರಿ. ಹೊಲದ ಆ ತುದಿಯಲ್ಲಿ ಇದ್ದವಳನ್ನು ಕೂಗಿ ಕರೆಯುತ್ತೀರಿ. ಫೋನ್ ಮಾಡುವುದೂ ಹೀಗೆಯೇ. ಟವರ್ ಹತ್ತಿರ ಇದ್ದರೆ ಮೆಲ್ಲಗೆ ಅಲೆ ಬಿಡುತ್ತದೆ. ದೂರ ಇದ್ದರೆ ಜೋರಾಗಿ ಬಿಡುತ್ತದೆ. ಎರಡಕ್ಕೂ ನೂರಾರು ಪಟ್ಟು ವ್ಯತ್ಯಾಸ ಇರಬಹುದು.

ಫೋನಿನ ಮೇಲ್ಗಡೆ ಸಣ್ಣ ಸಣ್ಣ ಗೆರೆ ಇರುತ್ತವೆ. ಗೆರೆ ನಾಲ್ಕು ಇದ್ದರೆ ಸಿಗ್ನಲ್ ಚೆನ್ನಾಗಿದೆ. ಒಂದೇ ಇದ್ದರೆ ಫೋನ್ ಜೋರಾಗಿ ಕೂಗುತ್ತಿದೆ ಎಂದು ತಿಳಿಯಿರಿ. ಅಂಥ ಜಾಗದಲ್ಲಿ ಉದ್ದ ಮಾತು ಬೇಡ. ಕೋಣೆಯ ಒಳಗೆ ಇದ್ದರೆ ಅಂಗಳಕ್ಕೆ ಬಂದು ಮಾತಾಡಿ.

ಟವರಿಗೆ ಅಂಜಬೇಕೇ?

ಹೋಳಿ ಹುಣ್ಣಿಮೆಯ ಬೆಂಕಿ ದೊಡ್ಡದು. ಆದರೆ ದೂರ ನಿಂತರೆ ಸುಡುವುದಿಲ್ಲ. ಊದುಬತ್ತಿಯ ಕಿಡಿ ಬಹಳ ಸಣ್ಣದು. ಬೆರಳಿಗೆ ತಾಗಿದರೆ ಚುರ್ ಎನ್ನುತ್ತದೆ. ಟವರ್ ದೊಡ್ಡದು, ಆದರೆ ದೂರ. ಫೋನ್ ಸಣ್ಣದು, ಆದರೆ ಕಿವಿಗೇ ಹತ್ತಿರ. ಹೀಗಾಗಿ ಸಾಮಾನ್ಯವಾಗಿ ತಲೆಗೆ ಹೆಚ್ಚು ಅಲೆ ಬರುವುದು ಕೈಯಲ್ಲಿರುವ ಫೋನಿನಿಂದ, ಟವರಿನಿಂದ ಅಲ್ಲ.

ದೂರ ಎರಡು ಪಟ್ಟಾದರೆ ಟವರಿನ ಅಲೆಯ ಬಲ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಇನ್ನೊಂದು ಮಾತು. ಟವರಿನ ಅಲೆ ಬಸ್ಸಿನ ಹೆಡ್‌ಲೈಟಿನ ಬೆಳಕಿನಂತೆ ಮುಂದಕ್ಕೆ ಹೋಗುತ್ತದೆ. ನೇರ ಕೆಳಗೆ ಬರುವುದು ಕಡಿಮೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದಿಲ್ಲವೇ, ಹಾಗೆ.

ಆದರೆ ಟವರ್ ಹತ್ತುವುದು ತಪ್ಪು. ರಾಯಚೂರಿನಂಥ ಪೇಟೆಯಲ್ಲಿ ಮಾಳಿಗೆಯ ಮೇಲೂ ಟವರ್ ಇರುತ್ತವೆ. ಅಲ್ಲಿ ಆಂಟೆನಾದ ಎದುರಿಗೇ ಹೋಗಿ ನಿಲ್ಲಬಾರದು. ಮಕ್ಕಳನ್ನು ಬಿಡಬಾರದು.

ಟವರಿನ ಅಲೆಗೂ ಮಿತಿ ಇದೆ. 2012ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ಅದನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. 2017ರಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ 'ತರಂಗ ಸಂಚಾರ' ಎಂಬ ವ್ಯವಸ್ಥೆ ಆರಂಭಿಸಿತು. ಯಾವ ಟವರ್ ನಿಯಮದಂತೆ ಇದೆ ಎಂದು ಜನ ನೋಡಲಿ, ಸಂಶಯ ಇದ್ದವರು ಶುಲ್ಕ ಕಟ್ಟಿ ಅಳತೆ ಮಾಡಿಸಲಿ ಎಂಬುದು ಅದರ ಉದ್ದೇಶ.

ಊರಿನ ಟವರ್ ಕಿತ್ತು ಹಾಕಿಸಿದರೆ ಏನಾಗುತ್ತದೆ? ಸಿಗ್ನಲ್ ಕಡಿಮೆ ಆಗುತ್ತದೆ. ಎಲ್ಲರ ಫೋನೂ ಕಿವಿಯ ಹತ್ತಿರವೇ ಜೋರಾಗಿ ಕೂಗುತ್ತದೆ. ಇದನ್ನೂ ಯೋಚಿಸಬೇಕು.

ನಿಮ್ಮ ಫೋನಿನ ಅಂಕಿ ನೀವೇ ಓದಿ

ನಮ್ಮ ಮೈ ಎಷ್ಟು ಅಲೆ ಹೀರಿಕೊಳ್ಳುತ್ತದೆ ಎಂಬುದಕ್ಕೆ ಒಂದು ಅಳತೆ ಇದೆ. ಅದರ ಹೆಸರು ಎಸ್.ಎ.ಆರ್. ಕೂಡಿಸಿ ಓದಿದರೆ 'ಸಾರ್'. ಇದು ಊಟದ ಸಾರಲ್ಲ, ಸಾಲಿಯ ಸಾರ್ ಕೂಡ ಅಲ್ಲ!

ಭಾರತದಲ್ಲಿ ಫೋನಿನ ಸಾರ್ ಮಿತಿ 1.6. ಎಂದರೆ ಮೈಯ ಒಂದು ಕಿಲೋ ತೂಕಕ್ಕೆ 1.6 ವ್ಯಾಟ್ ಮೀರಬಾರದು. ಈ ನಿಯಮ 2012ರ ಸೆಪ್ಟೆಂಬರಿನಲ್ಲಿ ಬಂತು. ಅದಕ್ಕೆ ಮೊದಲು ಮಿತಿ 2 ಇತ್ತು.

ನಿಮ್ಮ ಫೋನಿನಲ್ಲಿ ನಂಬರ್ ಒತ್ತುವ ಜಾಗಕ್ಕೆ ಹೋಗಿ. *#07# ಎಂದು ಒತ್ತಿ. ಮೊದಲು ಚುಕ್ಕಿಯಂಥ ಗುರುತು. ಆಮೇಲೆ ಜಾಲರಿಯಂಥ ಗುರುತು. ಆಮೇಲೆ ಸೊನ್ನೆ, ಏಳು. ಕೊನೆಗೆ ಮತ್ತೆ ಜಾಲರಿ. ಬಹಳಷ್ಟು ಫೋನುಗಳಲ್ಲಿ ಸಾರ್ ಅಂಕಿ ಕಾಣುತ್ತದೆ. ಎರಡು ಅಂಕಿ ಬಂದರೆ ಒಂದು ತಲೆಗೆ, ಒಂದು ಮೈಗೆ. ಕಾಣದಿದ್ದರೆ ಫೋನಿನ ಜೊತೆ ಬಂದ ಪುಸ್ತಕ ನೋಡಿ.

ಫೋನಿನಲ್ಲಿ 1.19 ಎಂದು ಬಂತು ಅನ್ನಿ. ಮಿತಿ 1.6. ಯಾವುದು ದೊಡ್ಡದು? 19 ದೊಡ್ಡದು, 6 ಸಣ್ಣದು, ಹಾಗಾಗಿ 1.19 ದೊಡ್ಡದು ಎನಿಸುತ್ತದೆ. ಹಾಗಲ್ಲ. ದುಡ್ಡಿನ ಲೆಕ್ಕ ಹಾಕಿ. 1.6 ಎಂದರೆ 1.60. ಎಂದರೆ 1 ರೂಪಾಯಿ 60 ಪೈಸೆ. 1.19 ಎಂದರೆ 1 ರೂಪಾಯಿ 19 ಪೈಸೆ. ಈಗ ಹೇಳಿ, ಯಾವುದು ಕಡಿಮೆ? 1.19 ಕಡಿಮೆ. ಫೋನ್ ಮಿತಿಯ ಒಳಗೆ ಇದೆ.

ಇದು ಫೋನ್ ಅತಿ ಜೋರಾಗಿ ಕೂಗುವಾಗಿನ ಅಂಕಿ. ದಿನಾಲೂ ಮಾತಾಡುವಾಗ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆಯೇ ಇರುತ್ತದೆ.

ಕ್ಯಾನ್ಸರ್ ಬರುತ್ತದೆಯೇ?

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರೇಡಿಯೊ ಅಲೆಯನ್ನು 'ಕ್ಯಾನ್ಸರ್ ತರಬಹುದೇನೋ' ಎಂಬ ಪಟ್ಟಿಗೆ ಸೇರಿಸಿತು. 'ತರುತ್ತದೆ' ಎಂದು ಹೇಳಲಿಲ್ಲ. ಸಂಶಯ ಇದೆ, ಇನ್ನೂ ನೋಡಬೇಕು ಎಂದಿತು. ತಂಬಾಕು ಇರುವುದು ಬೇರೆ ಪಟ್ಟಿಯಲ್ಲಿ. ಅದು ಕ್ಯಾನ್ಸರ್ ತರುತ್ತದೆ ಎಂದು ಸಾಬೀತಾದ ಪಟ್ಟಿ. ಎಲೆಯಡಿಕೆಯ ಜೊತೆ ತಂಬಾಕು ಹಾಕಿಕೊಂಡು ಮೊಬೈಲಿಗೆ ಅಂಜುವವರು ಇದನ್ನು ನೆನಪಿಡಬೇಕು.

ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ವಿಜ್ಞಾನಿಗಳಿಗೆ ಹೇಳಿ ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ನೋಡಿಸಿತು. 1994ರಿಂದ 2022ರವರೆಗಿನ 63 ಅಧ್ಯಯನ ನೋಡಿದರು. 2024ರಲ್ಲಿ ಅದರ ವರದಿ ಬಂತು. ಮೊಬೈಲಿಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಂಡುಬರಲಿಲ್ಲ. ಹತ್ತು ವರ್ಷಕ್ಕಿಂತ ಹೆಚ್ಚು ಬಳಸಿದವರಲ್ಲೂ ಕಾಣಲಿಲ್ಲ.

ಗರ್ಭದ ಕೂಸಿಗೆ ಮೊಬೈಲ್ ಅಲೆಯಿಂದ ತೊಂದರೆ ಎಂಬುದೂ ಇದುವರೆಗೆ ಸಾಬೀತಾಗಿಲ್ಲ. ಬಸುರಿಯ ಕೈಯಲ್ಲಿ ಫೋನ್ ಇರಲಿ. ಆಶಾ ಕಾರ್ಯಕರ್ತೆಯ ನಂಬರ್, 108, ಎರಡೂ ಅವಳಿಗೆ ಬಾಯಿಪಾಠ ಇರಲಿ.

ಹೀಗೆ ಮಾಡಿ

1. ಉದ್ದ ಮಾತು ಇದ್ದರೆ ಸ್ಪೀಕರ್ ಹಾಕಿ, ಇಲ್ಲವೇ ಇಯರ್‌ಫೋನ್ ಹಾಕಿ. ಫೋನ್ ತಲೆಯಿಂದ ದೂರ ಇರುತ್ತದೆ.

2. ಫೋನನ್ನು ಕುಬಸದ ಒಳಗೆ ಮೈಗೆ ತಾಗುವಂತೆ ಇಡಬೇಡಿ. ಕೈಚೀಲದಲ್ಲಿ ಇಡಿ.

3. ತಲೆದಿಂಬಿನ ಕೆಳಗೆ ಇಡಬೇಡಿ. ಅಲೆಗಿಂತ ಬ್ಯಾಟರಿಯ ಬಿಸಿ ಅಲ್ಲಿ ಅಪಾಯ.

4. ಕೂಸು ಅಳುತ್ತದೆ ಎಂದು ಕೈಗೆ ಫೋನ್ ಕೊಡಬೇಡಿ. ಕಣ್ಣಿಗೆ, ನಿದ್ದೆಗೆ, ಮಾತು ಕಲಿಯುವುದಕ್ಕೆ ಒಳ್ಳೆಯದಲ್ಲ.

5. ಹೃದಯಕ್ಕೆ ಪೇಸ್‌ಮೇಕರ್ ಯಂತ್ರ ಹಾಕಿಸಿಕೊಂಡವರು ಫೋನನ್ನು ಅದರಿಂದ ಒಂದು ಗೇಣು ದೂರ ಇಡಬೇಕು. ಎಡಗಡೆ ಯಂತ್ರ ಇದ್ದರೆ ಬಲಗಿವಿಗೆ ಹಿಡಿಯಬೇಕು.

6. 'ರೇಡಿಯೇಷನ್ ತಡೆಯುವ ಸ್ಟಿಕ್ಕರ್' ಎಂದು ಮಾರಲು ಬಂದರೆ ಕೊಳ್ಳಬೇಡಿ. ಅದು ನಿಜವಾಗಿ ಅಲೆ ತಡೆದರೆ ಫೋನ್ ಇನ್ನೂ ಜೋರಾಗಿ ಕೂಗುತ್ತದೆ. ತಡೆಯದಿದ್ದರೆ ದುಡ್ಡು ದಂಡ.

ಅಲೆಗಿಂತ ದೊಡ್ಡ ಅಪಾಯ

ಕಾಣದ ಅಲೆಗೆ ಅಂಜುತ್ತೇವೆ. ಕಾಣುವ ಅಪಾಯ ಬಿಡುತ್ತೇವೆ. ಮಾನ್ವಿ ರಸ್ತೆಯಲ್ಲಿ ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಮೋಟರ್ ಸೈಕಲ್ ಓಡಿಸುವ ಹುಡುಗರನ್ನು ನೀವು ಕಂಡಿರುತ್ತೀರಿ. ಅದು ಜೀವಕ್ಕೇ ಅಪಾಯ. ಮನೆಯ ಗಂಡಸರಿಗೆ, ಮಕ್ಕಳಿಗೆ ಗಟ್ಟಿಯಾಗಿ ಹೇಳಿ.

ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಫೋನನ್ನು ಬಿಸಿಲಿಗೆ ಇಡಬೇಡಿ. ಹಾಸಿಗೆಯ ಮೇಲೆ ಚಾರ್ಜಿಗೆ ಹಾಕಬೇಡಿ. ಚಾರ್ಜಿಗೆ ಹಾಕಿ ಮಾತಾಡಬೇಡಿ. ಬ್ಯಾಟರಿ ಉಬ್ಬಿದರೆ ಕೂಡಲೇ ಬಳಸುವುದು ನಿಲ್ಲಿಸಿ.

ಗುಡುಗು ಬಂದಾಗ ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಎನ್ನುವುದು ಸುಳ್ಳು. ಆದರೆ ಆಗ ಚಾರ್ಜರ್ ತಂತಿ ಹಚ್ಚಿದ ಫೋನ್ ಮುಟ್ಟಬಾರದು. ಹೊಲದಲ್ಲಿದ್ದರೆ ಗಿಡದ ಕೆಳಗೆ ನಿಲ್ಲಬಾರದು. ಗಟ್ಟಿ ಮನೆಯ ಒಳಗೆ ಸೇರಬೇಕು.

ಅಂಜಬ್ಯಾಡ್ರಿ. ದೂರ ಇಟ್ಟು ಬಳಸ್ರಿ. ಯಾರಾದರೂ ಏನಾದರೂ ಹೇಳಿದರೆ, "ಎಲ್ಲಿ ಬರೆದದ? ತೋರಸ್ರಿ, ಓದ್ತೀನಿ" ಎಂದು ಕೇಳಿರಿ. ಈಗ ನಿಮಗೆ ಓದಲು ಬರುತ್ತದೆ.

ಮಾಡಿ ನೋಡಿ

1. ನಿಮ್ಮ ಫೋನಿನ ಸಾರ್ ಅಂಕಿ ಎಷ್ಟು? ಬರೆಯಿರಿ. ಅದು 1.6ಕ್ಕಿಂತ ಕಡಿಮೆಯೋ, ಹೆಚ್ಚೋ?

2. ಈ ಅಂಕಿಗಳಲ್ಲಿ ಎಲ್ಲಕ್ಕಿಂತ ಕಡಿಮೆ ಯಾವುದು? 1.3, 0.98, 1.25

3. ಸಿಗ್ನಲ್ ಗೆರೆ ಒಂದೇ ಇದ್ದಾಗ ಏನು ಮಾಡಬೇಕು?

4. ಬಸುರಿಯ ಕೈಯಲ್ಲಿ ಫೋನ್ ಯಾಕೆ ಇರಬೇಕು? ಎರಡು ಸಾಲು ಬರೆಯಿರಿ.