ಬಿಸಿಲೂರಿನ ನೆಲದಡಿ ಎಷ್ಟು ಬಿಸಿ?

ಡಿಸೆಂಬರ್ ಚಳಿಯ ಬೆಳಗಿನಲ್ಲಿ ಕಮಲಾಪುರದ ಕೆಂಪು ಬಾಳೆ ತೋಟಕ್ಕೆ ಹೋಗಿ ಬೋರಿನ ನೀರಿಗೆ ಕೈಯೊಡ್ಡಿ, ಬೆಚ್ಚಗಿರುತ್ತದೆ. ಮೇ ಮಧ್ಯಾಹ್ನ ಅದೇ ನೀರು ತಣ್ಣಗೆ. ಬದಲಾದದ್ದು ನೀರಲ್ಲ, ಹೊರಗಿನ ಹವೆ. ಹತ್ತಿಪ್ಪತ್ತು ಮೀಟರ್ ಕೆಳಗೆ ನೆಲ ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಹದದಲ್ಲಿರುತ್ತದೆ.

ಅದಕ್ಕೂ ಕೆಳಗೆ? ಕಲಬುರಗಿ ನಿಂತಿರುವುದೇ ಲಾವಾ ಹೆಪ್ಪುಗಟ್ಟಿದ ಕರಿಕಲ್ಲಿನ ಮೇಲೆ. "ಅಂದಮ್ಯಾಲ ಕೆಳಗ ಬೆಂಕಿ ಇರಬೇಕಲ್ರೀ?" ಎಂದು ಕೇಳುವವರಿದ್ದಾರೆ. ಆ ಒಲೆ ಆರಿ 6.6 ಕೋಟಿ ವರ್ಷವಾಯಿತು.

ಭೂಶಾಖದ ನಕ್ಷೆ ಬರೆಯುವವರು ಕೊಳವೆಬಾವಿಗೆ ಸೂಕ್ಷ್ಮ ಉಷ್ಣಮಾಪಕ ಇಳಿಬಿಟ್ಟು, ಆಳಕ್ಕಿಳಿದಂತೆ ಬಿಸಿ ಎಷ್ಟೆಷ್ಟು ಏರಿತೆಂದು ಗುರುತಿಸಿಕೊಳ್ಳುತ್ತಾರೆ. ಅಲ್ಲಿನ ಕಲ್ಲು ಶಾಖವನ್ನು ಎಷ್ಟು ಸಲೀಸಾಗಿ ದಾಟಿಸುತ್ತದೆಂದು ಅಳೆದು, ಎರಡನ್ನೂ ಗುಣಿಸಿ ಮೇಲೇರುವ ಶಾಖದ ಲೆಕ್ಕ ಹಾಕುತ್ತಾರೆ. 1993ರ ಭೂಕಂಪದ ಬಳಿಕ ಆಳಂದದಾಚೆಯ ಕಿಲ್ಲಾರಿಯಲ್ಲಿ 617 ಮೀಟರ್ ಕೊರೆದಾಗ 338 ಮೀಟರಿಗೇ ಕರಿಕಲ್ಲು ಮುಗಿದು, ಕೆಳಗೆ ಗ್ರಾನೈಟ್ ಜಾತಿಯ ಹಳೆಯ ಬಂಡೆ ಸಿಕ್ಕಿತು. ಅಲ್ಲಿ ಮೇಲೇರುವ ಶಾಖ ಚದರ ಮೀಟರಿಗೆ ಸುಮಾರು 43 ಮಿಲಿವ್ಯಾಟ್. 30-40ರ ಸೈಟಿಗೆ ಲೆಕ್ಕ ಹಾಕಿದರೆ 5 ವ್ಯಾಟ್, ಅಂದರೆ ಒಂದು ಸಣ್ಣ ಎಲ್‌ಇಡಿ ಬಲ್ಬು! ಅದೇ ಸೈಟಿನ ಮೇಲೆ ನಡುಮಧ್ಯಾಹ್ನ ಸೂರ್ಯ ಸುರಿಯುವುದು ಲಕ್ಷ ವ್ಯಾಟ್.

ಹಬೆಯಿಂದ ಟರ್ಬೈನ್ ತಿರುಗಿಸಿ ಕರೆಂಟು ತೆಗೆಯಲು 150 ಡಿಗ್ರಿಯಾದರೂ ಬೇಕು. ಕೋಲಾರದ ಚಿನ್ನದ ಗಣಿಯಲ್ಲಿ 3.2 ಕಿಲೋಮೀಟರ್ ಆಳದಲ್ಲೂ ಬಂಡೆಯ ಬಿಸಿ 70 ಮುಟ್ಟಿರಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ದೇಶದಲ್ಲಿ 381 ಬಿಸಿ ತಾಣಗಳನ್ನು ಗುರುತಿಸಿದೆ. ಆಸೆ ಹುಟ್ಟಿಸುವವು ಲಡಾಖ್‌ನ ಪೂಗಾ, ಛತ್ತೀಸ್‌ಗಢದ ತಾತಾಪಾನಿಯಂಥವು. ನಮ್ಮ ಪಾಲಿನದು ಪುತ್ತೂರು ಬಳಿಯ ಬೆಂದ್ರ್ ತೀರ್ಥ, ಅದೂ ಸ್ನಾನಕ್ಕೆ ಹದವಾದ ಬಿಸಿ. ಆಳದ ಬಿಸಿ ಬಂಡೆ ಸೀಳಿ, ನೀರು ನುಗ್ಗಿಸಿ ಶಾಖ ತರುವ ದಾರಿಯೂ ಒಂದಿದೆ. 2006ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹಾಗೆ ಮಾಡಹೋಗಿ ನೆಲ ನಡುಗಿತು, ಕೆಲಸ ನಿಂತಿತು. ಕಿಲ್ಲಾರಿಯ ರಾತ್ರಿ ಕಂಡವರ ಮುಂದೆ ಈ ಮಾತೆತ್ತುವ ಧೈರ್ಯ ನನಗಿಲ್ಲ.

ನನ್ನ ಕಣ್ಣು ನೆಲದ ಬಿಸಿಗಿಂತ ಅದರ ತಂಪಿನ ಮೇಲೆ. ಹಿರಿಯರು ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು, ಮೇಲಿನ ಬೇಸಿಗೆ ಕಾಳಿಗೆ ತಟ್ಟುತ್ತಿರಲಿಲ್ಲ. ಇಂದಿನ ಏಸಿ ಕೋಣೆಯ ಶಾಖವನ್ನು 43 ಡಿಗ್ರಿಯ ಹೊರಗಾಳಿಗೆ ನೂಕಲು ಏದುಸಿರು ಬಿಡುತ್ತದೆ. ಅದನ್ನೇ ಕೊಳವೆಯಲ್ಲಿ ಸುತ್ತುವ ನೀರಿನ ಮೂಲಕ ತಂಪು ನೆಲಕ್ಕೆ ಬಿಟ್ಟರೆ ಕರೆಂಟು ಉಳಿಯುತ್ತದೆ. ಆದರೆ ಚಳಿಗಾಲದಲ್ಲಿ ಆ ಶಾಖವನ್ನು ವಾಪಸು ಕೇಳುವವರಿಲ್ಲದ ಊರು ನಮ್ಮದು, ವರ್ಷಗಳು ಕಳೆದಂತೆ ಕೊಳವೆಯ ಸುತ್ತಲಿನ ನೆಲವೇ ಕಾಯುತ್ತದೆ. ಸಾಲದ್ದಕ್ಕೆ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿದು ಕೊಳವೆಯಿಂದ ದೂರ ಸರಿಯುತ್ತದೆ. ಕೊಳವೆಯನ್ನು ಕರಿಕಲ್ಲಿನೊಳಗೇ ಇಳಿಸಬೇಕು, ಅದಕ್ಕೆ ಮತ್ತೆ ಬೋರ್ ಲಾರಿಯನ್ನೇ ಕರೆಸಬೇಕು.