ಮನೆಗೇ ಬರುತ್ತೆ ಬಿಡು, ಗುರೂ!

ಶುಕ್ರವಾರ ಬೆಳಿಗ್ಗೆ. ಥಿಯೇಟರಿನ ಮುಂದೆ ಹೊಸ ಕನ್ನಡ ಚಿತ್ರದ ಪೋಸ್ಟರು, ಅದಕ್ಕೊಂದು ಹಾರ. ಟಿಕೆಟ್ ಕೌಂಟರಿನ ಹತ್ತಿರ ಎಣಿಸಿದರೆ ಹತ್ತು ಜನ. ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದ ಹುಡುಗನೊಬ್ಬ ಗೆಳೆಯನ ತೋಳು ಹಿಡಿದು ಎಳೆದ: "ಯಾಕೋ ಸುಮ್ನೆ ದುಡ್ಡು ದಂಡ? ತಿಂಗಳು ತಡ್ಕೋ. ಮನೆಗೇ ಬರುತ್ತೆ ಬಿಡು, ಗುರೂ!"

ಬರುತ್ತಾ?

ದೊಡ್ಡ ಚಿತ್ರವಾದರೆ ಅವನ ಲೆಕ್ಕ ಸರಿ. 1972ರಲ್ಲಿ ಅಣ್ಣಾವ್ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ವರ್ಷ ದಾಟಿ ಓಡಿತು. ಈಗಿನ ಕಥೆ ನೋಡಿ. 'ಕೆಜಿಎಫ್ 2' ತೆರೆ ಕಂಡಿದ್ದು 2022ರ ಏಪ್ರಿಲ್ 14ಕ್ಕೆ. ಮೇ 16ಕ್ಕೆಲ್ಲ 199 ರೂಪಾಯಿ ಬಾಡಿಗೆಗೆ ಮನೆಯಲ್ಲೇ ರಾಕಿ ಭಾಯ್ ಹಾಜರ್! ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಬಂದ 'ಕಾಂತಾರ' ಮನೆ ಸೇರಲು ನವೆಂಬರ್ 24ರವರೆಗೆ ಕಾಯಿಸಿತು. 'ಕಾಂತಾರ ಚಾಪ್ಟರ್ 1' ಅಷ್ಟೂ ಕಾಯಿಸಲಿಲ್ಲ. 2025ರ ಅಕ್ಟೋಬರ್ 2ಕ್ಕೆ ಥಿಯೇಟರು, 31ಕ್ಕೆ ಅಮೆಜಾನ್ ಪ್ರೈಮು. ಕೆಲವು ಊರುಗಳಲ್ಲಿ ಚಿತ್ರ ಇನ್ನೂ ಓಡ್ತಾ ಇತ್ತು ಸ್ವಾಮಿ!

ಈ ಬಾಗಿಲು ತೆರೆದವರು ನಮ್ಮ ಅಪ್ಪು. ಕೊರೊನಾ ಕಾಲ, ಥಿಯೇಟರುಗಳಿಗೆ ಬೀಗ. 2020ರ ಜುಲೈ 17ಕ್ಕೆ ಅವರ ಪಿಆರ್‌ಕೆ ಸಂಸ್ಥೆಯ 'ಲಾ', ವಾರದ ನಂತರ 'ಫ್ರೆಂಚ್ ಬಿರಿಯಾನಿ' ನೇರವಾಗಿ ಮನೆಗೇ ಬಂದವು. ಮರುವರ್ಷ ಅವರದೇ 'ಯುವರತ್ನ' ಏಪ್ರಿಲ್ 1ಕ್ಕೆ ತೆರೆಗೆ ಬಂತು. ವಾರ ತುಂಬುವುದರೊಳಗೆ ಅರ್ಧ ಸೀಟಿನ ಆಜ್ಞೆ. 9ಕ್ಕೆ ಪ್ರೈಮ್‌ನಲ್ಲಿತ್ತು. ಶಿಳ್ಳೆ ಹೊಡೆಯಲು ಸಜ್ಜಾಗಿದ್ದ ಅಭಿಮಾನಿಗಳು ಮನೆ ಸೋಫಾ ಮೇಲೆ ಕೂತು ನೋಡಿದರು.

ಮನೆಯಲ್ಲಿ ನೋಡೋದು ಬೇರೆ, ಥಿಯೇಟರಿನಲ್ಲಿ ನೋಡೋದು ಬೇರೆ ಅನ್ನೋದಕ್ಕೆ 'ಕಾಂತಾರ'ವೇ ಸಾಕ್ಷಿ. ಕ್ಲೈಮ್ಯಾಕ್ಸಿನಲ್ಲಿ ರಿಷಬ್ ಕೂಗಿದಾಗ ಸೀಟು ನಡುಗಿದ್ದು ನೆನಪಿದೆಯಾ? ಮನೆಯಲ್ಲಿ ಅದೇ ಹೊತ್ತಿಗೆ ಕುಕ್ಕರ್ ಕೂಗಿತು! ಅದೂ ಹೋಗಲಿ, ಪ್ರೈಮ್‌ಗೆ ಬಂದ ದಿನ 'ವರಾಹ ರೂಪಂ' ಹಾಡಿನ ರಾಗವೇ ಬೇರೆ. ಕೇರಳದ ತಂಡವೊಂದು ಕೋರ್ಟಿಗೆ ಹೋಗಿದ್ದರಿಂದ ಮೂಲ ಹಾಡು ತೆಗೆಯಬೇಕಾಗಿತ್ತು. ಆಮೇಲೆ ಮತ್ತೆ ಸೇರಿಸಿದರು ಅನ್ನಿ. ಕಾದು ಕೂತವನಿಗೆ ಮೊದಲ ದಿನ ಸಿಕ್ಕಿದ್ದು ಆ ಹಾಡಿಲ್ಲದ 'ಕಾಂತಾರ'.

ಇನ್ನು ಚಿಕ್ಕ ಚಿತ್ರ. ಹುಡುಗನ ಲೆಕ್ಕ ತಪ್ಪೋದೇ ಇಲ್ಲಿ. ಥಿಯೇಟರಿನಲ್ಲಿ ಓಡಿತೇ, ಎಷ್ಟು ಓಡಿತು ಅಂತ ತೂಗಿ ನೋಡಿಯೇ ಒಟಿಟಿಯವರು ದುಡ್ಡು ಬಿಚ್ಚೋದು. ಜನ ಬರದಿದ್ದರೆ ಸೋಮವಾರಕ್ಕೆ ಷೋ ಕ್ಯಾನ್ಸಲ್. ಆಮೇಲೆ ಕೊಳ್ಳುವವರೂ ಇಲ್ಲ. ಹೆಸರಿದ್ದವರಿಗೂ ಈ ಕಷ್ಟ ತಪ್ಪಿಲ್ಲ. ರಕ್ಷಿತ್ ಶೆಟ್ಟಿಯವರ ಸಂಸ್ಥೆ 'ಏಕಂ' ಎಂಬ ಏಳು ಕಥೆಗಳ ಸರಣಿ ತಯಾರಿಸಿತು. ಪ್ರಕಾಶ್ ರಾಜ್ ಇದ್ದರು, ರಾಜ್ ಬಿ. ಶೆಟ್ಟಿ ಇದ್ದರು. ಆದರೂ ಯಾವ ಒಟಿಟಿಯೂ ಕೈ ಹಿಡಿಯಲಿಲ್ಲ. ಕಡೆಗೆ 2024ರ ಜುಲೈ 13ಕ್ಕೆ ತಾವೇ ವೆಬ್‌ಸೈಟು ಮಾಡಿ 149 ರೂಪಾಯಿಗೆ ಜನರ ಮುಂದಿಟ್ಟರು.

ಅದೇ ರಾಜ್ ಬಿ. ಶೆಟ್ಟಿ ನಿರ್ಮಿಸಿದ 'ಸು ಫ್ರಮ್ ಸೋ' ನೋಡಿ. ನಿರ್ದೇಶಕ ಜೆ. ಪಿ. ತುಮಿನಾಡ್ ಹೊಸಬರು. ಕಟೌಟ್ ನಿಲ್ಲಿಸೋ ಹೀರೋ ಇಲ್ಲ. 2025ರ ಜುಲೈ 25ಕ್ಕೆ ಬಿಡುಗಡೆ. ನೋಡಿದವರು ನಗುತ್ತಾ ಹೊರಗೆ ಬಂದು ಇನ್ನಿಬ್ಬರಿಗೆ ಹೇಳಿದರು. ಇದ್ದ ಷೋ ಸಾಲಲಿಲ್ಲ! ಮಲಯಾಳಕ್ಕೂ ಹೋಯಿತು. ಆರು ವಾರ ದಾಟಿದ ಮೇಲೆ, ಸೆಪ್ಟೆಂಬರ್ 9ಕ್ಕೆ ಜಿಯೋ ಹಾಟ್‌ಸ್ಟಾರಿಗೆ ಬಂತು. ಮೊದಲ ವಾರದ ಜನ ಮನೆಯಲ್ಲೇ ಉಳಿದಿದ್ದರೆ? ಏನಂತೀರಿ?

ಹಾಗಂತ ಮನೆಯ ತೆರೆಯನ್ನು ಬೈಯೋ ಹಾಗಿಲ್ಲ. 2024ರ 'ಬ್ಲಿಂಕ್' ಥಿಯೇಟರಿನಲ್ಲಿ ಎಷ್ಟೋ ಊರಿನವರಿಗೆ ಸಿಗಲೇ ಇಲ್ಲ. ಪ್ರೈಮ್‌ಗೆ ಬಂದ ಮೇಲೆ ನೋಡಿ ಹೊಗಳಿದವರು ಬಹಳ. 'ಸಪ್ತ ಸಾಗರದಾಚೆ ಎಲ್ಲೋ' ಎರಡೂ ಭಾಗ ಒಂದೇ ರಾತ್ರಿ ನೋಡಿ ಕಣ್ಣು ಊದಿಸಿಕೊಳ್ಳೋ ಸುಖವೂ ಮನೆಯಲ್ಲೇ! ಹುಡುಗರ ಜೇಬಿನ ಮಾತೂ ಸುಳ್ಳಲ್ಲ. ಟಿಕೆಟ್ 200 ರೂಪಾಯಿ ದಾಟಬಾರದೆಂದು 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಆಜ್ಞೆ ಮಾಡಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಪಾಪ್‌ಕಾರ್ನ್ ಬೆಲೆ ಕೇಳಲೇಬೇಡಿ.

ಜೇಬಿನಲ್ಲಿ ಒಂದೇ ಟಿಕೆಟಿನ ದುಡ್ಡಿದ್ದರೆ ನಾನಂತೂ ಶುಕ್ರವಾರ ಚಿಕ್ಕ ಚಿತ್ರಕ್ಕೇ ಹೋಗ್ತೀನಿ. ಸ್ಟಾರ್ ಚಿತ್ರ ಎಲ್ಲೂ ಓಡಿಹೋಗಲ್ಲ, ಎರಡನೇ ವಾರವೂ ಇರುತ್ತೆ, ಮನೆಗೂ ಬರುತ್ತೆ. ಬೈಯೋರು ಬೈಯಲಿ.

ಅಂದಹಾಗೆ, ಟೀ ಅಂಗಡಿ ಎದುರಿನ ಆ ಥಿಯೇಟರಿನ ಕಡೆ ಮಂಗಳವಾರ ಹೋಗಿದ್ದೆ. ಬೇರೆ ಪೋಸ್ಟರ್ ಅಂಟಿಸಿದ್ದರು. ತಿಂಗಳು ಕಳೆಯಿತು, ಎರಡೂ ಕಳೆಯಿತು. ಆ ಚಿತ್ರವನ್ನು ಮೊಬೈಲಿನಲ್ಲಿ ನಾನೂ ಹುಡುಕ್ತಾನೇ ಇದ್ದೀನಿ.