ಕೋಚ್ ಬದಲಾದರೆ ಆಟ ಬದಲಾದೀತೆ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆ ಎಲ್ಲರಿಗೂ ಗೊತ್ತು. ಫುಟ್‌ಬಾಲ್ ಅಭಿಮಾನಿಗಳ ಲೋಕದಲ್ಲಿ ಮಾತ್ರ ಗಾದೆ ತುಸು ಬದಲಾಗಿದೆ. ಅಲ್ಲಿ ಕುಣಿಯುವವರು ಹನ್ನೊಂದು ಜನ. ಹೆಜ್ಜೆ ತಪ್ಪಿದರೆ ದೂರು ಕುಣಿಸುವವನ ಮೇಲೆ. ನೆಚ್ಚಿನ ತಂಡ ಸಾಲಾಗಿ ಮೂರು ಪಂದ್ಯ ಸೋತರೆ ಸಾಕು, ‘ಕೋಚ್ ಬದಲಿಸಿ’ ಎಂಬ ಕೂಗು ಏಳುತ್ತದೆ. ಅದರ ಬೆನ್ನಿಗೇ ‘ಮುಂದೆ ಯಾರು?’ ಎಂಬ ಚರ್ಚೆ. ಇಂಗ್ಲೆಂಡಿನ ಕ್ಲಬ್‌ಗಳಲ್ಲಿ ಈತನಿಗೆ ಮ್ಯಾನೇಜರ್ ಎನ್ನುತ್ತಾರೆ, ನಮ್ಮಲ್ಲಿ ಹೆಡ್ ಕೋಚ್. ಹೆಸರು ಯಾವುದಾದರೂ ಕುರ್ಚಿ ಒಂದೇ, ಅದರ ಕಾಲುಗಳು ಸದಾ ಅಲ್ಲಾಡುತ್ತಿರುತ್ತವೆ.

ನಮ್ಮ ವಿಜಯಪುರ ಸೀಮೆ ಫುಟ್‌ಬಾಲಿಗೆ ಹೆಸರಾದದ್ದಲ್ಲ. ಇಲ್ಲಿ ಸೈಕ್ಲಿಂಗ್ ಇದೆ, ಕಬಡ್ಡಿ ಇದೆ, ಕ್ರಿಕೆಟ್ ಅಂತೂ ಓಣಿ ಓಣಿಯಲ್ಲಿದೆ. ಆದರೂ ತಿಕೋಟಾ, ಬಬಲೇಶ್ವರಗಳಿಂದ ದಿನಾಲು ಬಸ್ಸಿನಲ್ಲಿ ನಗರದ ಕಾಲೇಜುಗಳಿಗೆ ಬರುವ ಹುಡುಗರ ಮಾತು ಕೇಳಿದರೆ ಆಶ್ಚರ್ಯವಾಗುತ್ತದೆ. ಮೊಬೈಲಿನಲ್ಲಿ ಪಂದ್ಯ ನೋಡಿ ಬಂದ ಅವರಿಗೆ ಬೆಂಗಳೂರು ಎಫ್‌ಸಿಯೂ ಗೊತ್ತು, ಮ್ಯಾಂಚೆಸ್ಟರೂ ಗೊತ್ತು.

‘ಫಾರಿನ್ ಕೋಚೇ ಬೇಕ್ರಿ ಸರ. ಈಗಿನ ಆಟ ಅವರಿಗೇ ಗೊತ್ತು’ ಎಂದು ಒಬ್ಬ.

‘ಏ, ಅಂವ ಬಂದು ನಮ್ಮ ಹುಡುಗರ ಹೆಸರು ಕಲಿಯೂದ್ರಾಗ ಸೀಜನ್ ಮುಗೀತೈತಿ. ನಮ್ಮವರ ಆಗಬೇಕು’ ಎಂದು ಇನ್ನೊಬ್ಬ.

‘ಯಾರರೆ ಬರ್ಲಿ, ಮೊದಲ ಇವನ್ನ ಕಳಸ್ರಿ’ ಎಂದು ಮೂರನೆಯವ.

ಮೂವರ ವಾದಗಳೂ ಜೋರಾಗಿಯೇ ಇರುತ್ತವೆ. ಆದರೆ ಮೂವರೂ ಒಂದು ಸಂಗತಿಯನ್ನು ವಿಚಾರಿಸದೆ ಒಪ್ಪಿಕೊಂಡಿರುತ್ತಾರೆ: ಕೋಚ್ ಬದಲಾದರೆ ಫಲಿತಾಂಶ ಬದಲಾಗುತ್ತದೆ ಎಂಬುದನ್ನು. ವಿಜ್ಞಾನದ ವಿದ್ಯಾರ್ಥಿ ಮೊದಲು ಕೇಳಬೇಕಾದ ಪ್ರಶ್ನೆ ಅಲ್ಲಿಯೇ ಇದೆ. ಇದು ನಿಜವೆ? ಇದಕ್ಕೆ ಸಾಕ್ಷ್ಯವೇನು?

ಅರ್ಜಿಗಳ ರಾಶಿ

ಇಂಥ ಚರ್ಚೆ 2025ರಲ್ಲಿ ದೇಶದ ತಂಡದ ವಿಷಯದಲ್ಲೇ ನಡೆಯಿತು. ಭಾರತ ತಂಡದ ಕೋಚ್ ಆಗಿದ್ದ ಕ್ರೊಯೇಷಿಯಾದ ಇಗೊರ್ ಸ್ಟಿಮಾಚ್ ಅವರನ್ನು 2024ರ ಜೂನ್‌ನಲ್ಲಿ ತೆಗೆದುಹಾಕಲಾಗಿತ್ತು. ಅವರ ಜಾಗಕ್ಕೆ ಬಂದ ಸ್ಪೇನ್‌ನ ಮನೊಲೊ ಮಾರ್ಕೆಝ್ ಅವರ ಕಾಲದ 8 ಪಂದ್ಯಗಳಲ್ಲಿ ಭಾರತ ಗೆದ್ದದ್ದು ಒಂದನ್ನು ಮಾತ್ರ. 2025ರ ಜುಲೈನಲ್ಲಿ ಅವರೂ ಹೊರಟರು. ಖಾಲಿಯಾದ ಜಾಗಕ್ಕೆ ಬಂದ ಅರ್ಜಿಗಳು ಸುಮಾರು 170. ಅವುಗಳಲ್ಲಿ ಪೆಪ್ ಗಾರ್ಡಿಯೊಲಾ ಮತ್ತು ಝಾವಿ ಹೆಸರಿನ ಇ-ಮೇಲ್‌ಗಳೂ ಇದ್ದವು! ಜಗದ್ವಿಖ್ಯಾತರೇ ಬರುತ್ತಾರಂತೆ ಎಂದು ದೇಶವೆಲ್ಲ ಮಾತಾಡಿತು. ಕೊನೆಗೆ ಅವು ಅಸಲಿಯಲ್ಲ ಎಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನೇ ಪ್ರಕಟಣೆ ಹೊರಡಿಸಬೇಕಾಯಿತು.

ಆಗಸ್ಟ್ 1ರಂದು ಆಯ್ಕೆಯಾದವರು ನಮ್ಮವರೇ ಆದ ಖಾಲಿದ್ ಜಮೀಲ್. ಐಜ್ವಾಲ್ ಎಂಬ ಪುಟ್ಟ ಕ್ಲಬ್‌ಗೆ 2016–17ರ ಐ-ಲೀಗ್ ಗೆದ್ದುಕೊಟ್ಟವರು. ಸೆಪ್ಟೆಂಬರ್ 8ರಂದು ಕಾಫಾ ನೇಷನ್ಸ್ ಕಪ್‌ನಲ್ಲಿ ಭಾರತವು ಒಮಾನ್ ತಂಡವನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿ ಮೂರನೆಯ ಸ್ಥಾನ ಪಡೆಯಿತು. ‘ನೋಡಿದಿರಾ, ನಮ್ಮ ಕೋಚ್!’ ಎಂದು ಅಭಿಮಾನಿಗಳು ಕುಣಿದರು. ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಪುರದ ಎದುರು 1–2ರಿಂದ ಸೋತು ಏಷ್ಯನ್ ಕಪ್ ಅರ್ಹತೆಯ ಆಸೆ ಕಮರಿತು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶದ ಎದುರೂ ಸೋಲು. ಅದೇ ಕೋಚ್. ನಡುವೆ ಕಳೆದದ್ದು ಹತ್ತು ವಾರ. ಹತ್ತು ವಾರಗಳಲ್ಲಿ ಒಬ್ಬ ಮನುಷ್ಯ ಜಾಣನಾಗಿ ಮತ್ತೆ ದಡ್ಡನಾಗಲು ಸಾಧ್ಯವೆ? ಬದಲಾದದ್ದು ಅವರ ಜ್ಞಾನವಲ್ಲ, ನಮ್ಮ ತೀರ್ಪು.

ಬೆಂಗಳೂರಿನ ಎರಡು ಪ್ರಯೋಗ

ಬೆಂಗಳೂರು ಎಫ್‌ಸಿಯ ಚರಿತ್ರೆಯಲ್ಲಿ ವಿಜ್ಞಾನದ ಮೇಷ್ಟರಿಗೆ ಖುಷಿ ಕೊಡುವ ಎರಡು ಘಟನೆಗಳಿವೆ. ಯಾರೂ ಬೇಕೆಂದು ಮಾಡಿದ್ದಲ್ಲ, ಆದರೂ ಪ್ರಯೋಗದಂತೆಯೇ ಇವೆ.

ಮೊದಲನೆಯದು 2022–23ರ ಇಂಡಿಯನ್ ಸೂಪರ್ ಲೀಗ್. ಆಗ ಕೋಚ್ ಇಂಗ್ಲೆಂಡಿನ ಸೈಮನ್ ಗ್ರೇಸನ್. ಮೊದಲ 12 ಪಂದ್ಯಗಳಲ್ಲಿ ತಂಡ ಗೆದ್ದದ್ದು 3, ಡ್ರಾ 1, ಸೋತದ್ದು 8. ಇಂಥ ಹೊತ್ತಿನಲ್ಲಿ ಎಷ್ಟೋ ಕ್ಲಬ್‌ಗಳು ಕೋಚ್‌ಗೆ ಟಿಕೆಟ್ ಕೊಟ್ಟು ಕಳಿಸುತ್ತವೆ. ಇಲ್ಲಿ ಕೋಚ್ ಉಳಿದರು. ಮುಂದಿನ 8 ಲೀಗ್ ಪಂದ್ಯಗಳಲ್ಲಿ ಎಂಟಕ್ಕೆ ಎಂಟೂ ಗೆಲುವು! ತಂಡ ನಾಲ್ಕನೆಯ ಸ್ಥಾನಕ್ಕೇರಿ ಫೈನಲ್ ತನಕ ಹೋಗಿ, ಪೆನಾಲ್ಟಿಗಳಲ್ಲಷ್ಟೇ ಸೋತಿತು.

ಒಂದು ಕ್ಷಣ ಹೀಗೆ ಊಹಿಸಿ. 2022ರ ಡಿಸೆಂಬರ್ 31ರಂದು ಹೊಸ ಕೋಚ್ ಬಂದಿದ್ದರೆ? ಜನವರಿ, ಫೆಬ್ರುವರಿಯ ಆ ಎಂಟು ಗೆಲುವುಗಳನ್ನು ನಾವೆಲ್ಲ ಯಾರ ಲೆಕ್ಕಕ್ಕೆ ಬರೆಯುತ್ತಿದ್ದೆವು? ‘ಬಂದ ಕಾಲ್ಗುಣ ನೋಡಿ!’ ಎನ್ನುತ್ತಿದ್ದೆವು.

ಎರಡನೆಯದು ಮರುವರ್ಷದ್ದು. ತಂಡ ಮತ್ತೆ ಮುಗ್ಗರಿಸಿದಾಗ 2023ರ ಡಿಸೆಂಬರ್‌ನಲ್ಲಿ ಗ್ರೇಸನ್ ಅವರನ್ನು ಕಳಿಸಿ ಸ್ಪೇನ್‌ನ ಜೆರಾರ್ಡ್ ಝಾರಗೋಝಾ ಅವರನ್ನು ಕರೆತಂದರು. ಆದರೂ 12 ತಂಡಗಳ ಲೀಗಿನಲ್ಲಿ ಬೆಂಗಳೂರು ಮುಗಿಸಿದ್ದು 10ನೆಯ ಸ್ಥಾನದಲ್ಲಿ. ಅದೇ ಝಾರಗೋಝಾ ಮುಂದುವರಿದು 2024–25ರಲ್ಲಿ ತಂಡವನ್ನು ಲೀಗಿನ ಮೂರನೆಯ ಸ್ಥಾನಕ್ಕೂ ಫೈನಲ್‌ಗೂ ಒಯ್ದರು. ಬದಲಾವಣೆ ಇಲ್ಲದೆ ಏಳಿಗೆ ಬಂದಿದೆ. ಬದಲಾವಣೆ ಆಗಿಯೂ ಬಾರದಿದ್ದಿದೆ.

ನಾಣ್ಯ ಕಲಿಸುವ ಪಾಠ

ಇದರ ಹಿಂದಿನ ತತ್ವವನ್ನು ವಿದ್ಯಾರ್ಥಿಗಳು ತರಗತಿಯಲ್ಲೇ ಮಾಡಿ ನೋಡಬಹುದು. ನಲವತ್ತು ಮಂದಿ ತಲಾ ಒಂದೊಂದು ನಾಣ್ಯವನ್ನು 20 ಸಲ ಚಿಮ್ಮಿರಿ. ತಲೆ ಬಿದ್ದಷ್ಟು ಸಲ ಅಂಕ. ಸರಾಸರಿ 10ರ ಹತ್ತಿರ ಬರುತ್ತದೆ. ಆದರೆ ಸುಮಾರು ಐದು ಮಂದಿಗೆ 7 ಅಥವಾ ಅದಕ್ಕೂ ಕಡಿಮೆ ಬಂದಿರುತ್ತದೆ. ಅವರನ್ನು ಮುಂದೆ ಕರೆದು ಚೆನ್ನಾಗಿ ಬೈಯಿರಿ. ಬೇಕಿದ್ದರೆ ಅವರ ನಾಣ್ಯ ಬದಲಿಸಿ. ಈಗ ಮತ್ತೆ 20 ಸಲ ಚಿಮ್ಮಲಿ. ಬಹುಪಾಲು ಮಂದಿಯ ಅಂಕ ಏರಿರುತ್ತದೆ! ಬೈಗುಳ ಕೆಲಸ ಮಾಡಿತೆ? ಇಲ್ಲ. ಬೈಯದೆ ಬಿಟ್ಟಿದ್ದರೂ ಅಷ್ಟೇ ಏರುತ್ತಿತ್ತು. ಮೊದಲ ಸಲದ ದುರದೃಷ್ಟ ಎರಡನೆಯ ಸಲವೂ ಅವರನ್ನೇ ಹುಡುಕಿಕೊಂಡು ಬರಬೇಕಾದ ಕಾರಣವಿಲ್ಲ, ಅಷ್ಟೆ.

ಇದಕ್ಕೆ ‘ಸರಾಸರಿಯತ್ತ ಮರಳುವಿಕೆ’ ಎನ್ನುತ್ತಾರೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 205 ದಂಪತಿಗಳ ಮತ್ತು ಅವರ 928 ಮಕ್ಕಳ ಎತ್ತರವನ್ನು ಹೋಲಿಸಿ ಇದನ್ನು ತೋರಿಸಿದರು. ತೀರ ಎತ್ತರದ ತಂದೆತಾಯಿಗಳ ಮಕ್ಕಳು ಎತ್ತರವೇ ಇದ್ದರು, ಆದರೆ ಸಾಮಾನ್ಯವಾಗಿ ಅವರಷ್ಟಲ್ಲ. ತೀರ ಗಿಡ್ಡವಿದ್ದವರ ಮಕ್ಕಳು ಅವರಿಗಿಂತ ತುಸು ಎತ್ತರ.

ಪಂದ್ಯದ ಫಲಿತಾಂಶದಲ್ಲಿಯೂ ಎರಡು ಪಾಲು ಇರುತ್ತವೆ. ಒಂದು ತಂಡದ ನಿಜವಾದ ಸಾಮರ್ಥ್ಯ. ಇನ್ನೊಂದು ಆ ದಿನದ ಸಂಗತಿಗಳು: ಗೋಲ್ ಕಂಬಕ್ಕೆ ಬಡಿದು ಹಿಂದಿರುಗಿದ ಚೆಂಡು, ಮುಖ್ಯ ಆಟಗಾರನ ಗಾಯ, ರೆಫರಿಯ ಸೀಟಿ. ಫುಟ್‌ಬಾಲಿನಲ್ಲಿ ಈ ಎರಡನೆಯ ಪಾಲು ದೊಡ್ಡದು. ಕಬಡ್ಡಿಯಲ್ಲಿ ಒಂದು ತಂಡ ಮೂವತ್ತು ಅಂಕ ಗಳಿಸುವುದುಂಟು. ಒಂದೆರಡು ಅಂಕ ಅತ್ತಿತ್ತ ಆದರೂ ಬಲವಾದ ತಂಡವೇ ಬಹುತೇಕ ಗೆಲ್ಲುತ್ತದೆ. ಫುಟ್‌ಬಾಲಿನಲ್ಲಿ ಇಡೀ ಪಂದ್ಯಕ್ಕೆ ಎರಡು ಮೂರು ಗೋಲು. ಒಂದು ಗೋಲು ಅತ್ತಿತ್ತ ಆದರೆ ಎಲ್ಲ ತಿರುವುಮುರುವು. ಆದ್ದರಿಂದ ನಾಲ್ಕು ಪಂದ್ಯ ನೋಡಿ ಕೋಚ್‌ನ ಯೋಗ್ಯತೆ ಅಳೆಯುವುದೆಂದರೆ ನಾಲ್ಕು ಸಲ ನಾಣ್ಯ ಚಿಮ್ಮಿ ನಾಣ್ಯವೇ ಖೊಟ್ಟಿ ಎಂದಂತೆ.

ಕೋಚ್‌ಗಳನ್ನು ತೆಗೆಯುವುದು ಯಾವಾಗ? ತಂಡ ತಳಕ್ಕೆ ಬಿದ್ದಾಗ. ತಳಕ್ಕೆ ಬಿದ್ದದ್ದು ಮುಂದೆ ತುಸು ಮೇಲೇಳುವ ಸಂಭವವೇ ಹೆಚ್ಚು. ಆ ಏಳಿಗೆಯ ಕೀರ್ತಿ ಆಗ ಕುರ್ಚಿಯಲ್ಲಿ ಕುಳಿತವನಿಗೆ ಸಲ್ಲುತ್ತದೆ.

ಪಕ್ಕದ ತೋಟ ನೋಡಿ

ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಇದು ಬೇಗ ಅರ್ಥವಾದೀತು. ಒಂದು ವರ್ಷ ಅಕಾಲಿಕ ಮಳೆ ಬಿದ್ದು ಬೆಳೆ ಕೆಟ್ಟಿತೆನ್ನಿ. ಮರುವರ್ಷ ರೈತ ಔಷಧದ ಅಂಗಡಿ ಬದಲಿಸಿದ. ಬೆಳೆ ಚೆನ್ನಾಗಿ ಬಂತು. ಹೊಸ ಅಂಗಡಿಯವನೇ ಶಾಣ್ಯಾ ಎಂದು ಊರೆಲ್ಲ ಹೇಳಿದ. ಆದರೆ ಪಕ್ಕದ ತೋಟದವನು ಹಳೆಯ ಅಂಗಡಿಯಲ್ಲೇ ಔಷಧ ತಂದಿದ್ದ. ಅವನ ಬೆಳೆಯೂ ಅಷ್ಟೇ ಚೆನ್ನಾಗಿತ್ತು. ಬದಲಾದದ್ದು ಮಳೆ.

ವಿಜ್ಞಾನದಲ್ಲಿ ಈ ಪಕ್ಕದ ತೋಟಕ್ಕೆ ‘ಹೋಲಿಕೆಯ ಗುಂಪು’ ಎನ್ನುತ್ತೇವೆ. ಹಾಲೆಂಡಿನ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ ಫುಟ್‌ಬಾಲಿನಲ್ಲಿ ಇಂಥದೇ ಲೆಕ್ಕ ಮಾಡಿ 2011ರಲ್ಲಿ ಪ್ರಕಟಿಸಿದರು. ಅವರು ತೆಗೆದುಕೊಂಡದ್ದು 1986ರಿಂದ 2004ರವರೆಗಿನ ಡಚ್ ಲೀಗ್. ಸೋಲುತ್ತಿದ್ದ ತಂಡ ಮ್ಯಾನೇಜರ್‌ನನ್ನು ಬದಲಿಸಿದ ಮೇಲೆ ಚೇತರಿಸಿಕೊಂಡದ್ದು ನಿಜ. ಆದರೆ ಅಷ್ಟೇ ಕೆಟ್ಟ ಸ್ಥಿತಿಯಲ್ಲಿದ್ದೂ ಮ್ಯಾನೇಜರ್‌ನನ್ನು ಉಳಿಸಿಕೊಂಡ ತಂಡಗಳೂ ಹಾಗೆಯೇ ಚೇತರಿಸಿಕೊಂಡಿದ್ದವು!

ಹಾಗಾದರೆ ಕೋಚ್ ಬೇಡವೆ?

ಹಾಗೆ ತಿಳಿದರೆ ಅದೂ ಅವಸರದ ತೀರ್ಪೇ. ಯಾರನ್ನು ತಂಡದಲ್ಲಿ ಇಳಿಸಬೇಕು, ಯಾವ ತಂತ್ರ ಹೂಡಬೇಕು, ಮೈ ಹೇಗೆ ಹುರಿಗೊಳಿಸಬೇಕು, ಎಳೆಯರನ್ನು ಹೇಗೆ ಬೆಳೆಸಬೇಕು ಎಂಬುದೆಲ್ಲ ಕೋಚ್‌ನ ಕೆಲಸ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಾಗ ಆಶ್ಲಿ ವೆಸ್ಟ್‌ವುಡ್ ಅವರ ದುಡಿಮೆ ಅದರಲ್ಲಿತ್ತು. ಮೂರು ವರ್ಷಗಳಲ್ಲಿ ಎರಡು ಲೀಗ್, ಒಂದು ಫೆಡರೇಷನ್ ಕಪ್. ಇದು ನಾಲ್ಕು ಪಂದ್ಯಗಳ ಮಾತಲ್ಲ. ಅನಂತರದ ಆಲ್ಬರ್ಟ್ ರೊಕಾ 2016ರಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಅಲ್ಲಿಗೆ ತಲುಪಿರಲಿಲ್ಲ. ಅವರು ಹೊರಟಾಗ ಕ್ಲಬ್ ದೂರ ಹುಡುಕಲಿಲ್ಲ. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಅವರನ್ನೇ 2018ರಲ್ಲಿ ಕೂರಿಸಿತು. ಮರುವರ್ಷ ಮಾರ್ಚ್ 17ರಂದು ಗೋವಾ ತಂಡವನ್ನು 1–0ಯಿಂದ ಮಣಿಸಿ ಬೆಂಗಳೂರು ಸೂಪರ್ ಲೀಗ್ ಪ್ರಶಸ್ತಿ ಪಡೆಯಿತು. ‘ಮುಂದೆ ಯಾರು?’ ಎಂಬ ಪ್ರಶ್ನೆಗೆ ಉತ್ತರ ಕೆಲವೊಮ್ಮೆ ಪಕ್ಕದ ಬೆಂಚಿನಲ್ಲೇ ಇರುತ್ತದೆ.

ಹುಡುಗರು ಸದಾ ಕೊಡುವ ಉದಾಹರಣೆ ಅಲೆಕ್ಸ್ ಫರ್ಗುಸನ್. 1986ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ ಅವರಿಗೆ ಮೊದಲ ಪ್ರಶಸ್ತಿ ಸಿಕ್ಕಿದ್ದು 1990ರಲ್ಲಿ. 1989ರಲ್ಲಿ ‘ಹೋಗಿ ಬನ್ನಿ’ ಎಂಬರ್ಥದ ಬ್ಯಾನರ್ ಹಿಡಿದ ಅಭಿಮಾನಿಗಳೂ ಇದ್ದರು. ಕ್ಲಬ್ ತಾಳಿತು, 2013ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರ ಲೀಗ್ ಪ್ರಶಸ್ತಿಗಳು 13. ಆದರೆ ಇಲ್ಲೂ ಎಚ್ಚರ ಬೇಕು. ತಾಳಿದ್ದರಿಂದ ಬಾಳಿದ ಒಬ್ಬನ ಹೆಸರು ಎಲ್ಲರಿಗೂ ನೆನಪಿದೆ. ತಾಳಿಯೂ ಬಾಳದವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಒಂದು ಉದಾಹರಣೆ ನಿಯಮವಾಗುವುದಿಲ್ಲ.

ಮನೆಯ ಪಂದ್ಯ

ಪಾಲಕರೇ, ಇದು ಬರೀ ಆಟದ ಮಾತಲ್ಲ. ಮಗನಿಗೆ ಒಂದು ಕಿರು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ನಾವು ಏನು ಮಾಡುತ್ತೇವೆ? ಟ್ಯೂಷನ್ ಬದಲು, ಶಾಲೆ ಬದಲು. ಊರ ಶಾಲೆ ಬಿಡಿಸಿ ನಗರದ ಹಾಸ್ಟೆಲ್ಲಿಗೆ ಹಾಕುತ್ತೇವೆ. ಮುಂದಿನ ಪರೀಕ್ಷೆಯಲ್ಲಿ ನಾಲ್ಕು ಅಂಕ ಹೆಚ್ಚು ಬಂದರೆ ಹಣ ಸಾರ್ಥಕವಾಯಿತು ಎನ್ನುತ್ತೇವೆ. ಹುಡುಗನಿಗೆ ಅಂದು ಜ್ವರವಿತ್ತೆ, ಪ್ರಶ್ನೆಪತ್ರಿಕೆ ಕಠಿಣವಿತ್ತೆ ಎಂದು ಕೇಳುವುದಿಲ್ಲ.

2023ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇಕಡಾ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ ವರ್ಷ ಅದು 73.40ಕ್ಕೆ ಇಳಿಯಿತು. ಆ ವರ್ಷ ಯಾವುದೋ ಒಂದು ಶಾಲೆಯ ಫಲಿತಾಂಶ ಹತ್ತು ಅಂಶ ಇಳಿದಿದ್ದರೆ ಮುಖ್ಯ ಗುರುಗಳನ್ನು ದೂರುವ ಮುನ್ನ ‘ಪಕ್ಕದ ತೋಟ’ವನ್ನು, ಅಂದರೆ ಇಡೀ ರಾಜ್ಯವನ್ನು, ನೋಡಬೇಕಿತ್ತು.

ಇನ್ನೂ ಒಂದು ಮಾತು. ಮನೋವಿಜ್ಞಾನಿ ಡೇನಿಯಲ್ ಕಾಹ್ನೆಮನ್ ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಪಾಠ ಮಾಡುತ್ತಿದ್ದಾಗ ಒಬ್ಬ ಹಿರಿಯ ತರಬೇತುದಾರ ವಾದಿಸಿದನಂತೆ: ಹೊಗಳಿದರೆ ಹುಡುಗರು ಮುಂದಿನ ಸಲ ಕೆಡುತ್ತಾರೆ, ಬೈದರೆ ಸುಧಾರಿಸುತ್ತಾರೆ. ಕಾಹ್ನೆಮನ್‌ಗೆ ಥಟ್ಟನೆ ಹೊಳೆಯಿತು: ಇದು ನಾಣ್ಯದ ಆಟವೇ. ತೀರ ಚೆನ್ನಾಗಿ ಹಾರಿಸಿದವನು ಮರುಸಲ ತುಸು ಇಳಿಯುತ್ತಾನೆ, ತೀರ ಕೆಟ್ಟದಾಗಿ ಹಾರಿಸಿದವನು ತುಸು ಏರುತ್ತಾನೆ. ಹೊಗಳಿದರೂ ಅಷ್ಟೆ, ಬೈದರೂ ಅಷ್ಟೆ. ಮುಂದೆ 2002ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಬೈದದ್ದರಿಂದಲೇ ಮಗು ಓದಿತು ಎಂದು ನಂಬಿರುವ ನಾವು, ಶಿಕ್ಷಕರೂ ಸೇರಿ, ಈ ಪ್ರಸಂಗವನ್ನು ನೆನಪಿಡಬೇಕು. ಬೆಲೆ ತೆರುವುದು ಮಗು.

ವಿದ್ಯಾರ್ಥಿಗಳೇ, ಕೋಚ್ ಯಾರಾಗಬೇಕೆಂಬ ವಾದವನ್ನು ಬಿಡಬೇಡಿ. ಅದರಲ್ಲಿ ಸುಖವಿದೆ. ಆದರೆ ವಾದಕ್ಕೆ ಮೊದಲು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಿರಿ: ಹೊಸ ಕೋಚ್ ಬಂದರೆ ಮುಂದಿನ 10 ಪಂದ್ಯಗಳಲ್ಲಿ ತಂಡಕ್ಕೆ ಎಷ್ಟು ಅಂಕ? ಹಳೆಯವರೇ ಉಳಿದರೆ ಎಷ್ಟು? ಎದುರಾಳಿಗಳು ಯಾರು, ಪಂದ್ಯ ಎಲ್ಲಿ, ಗಾಯಗೊಂಡವರು ಎಷ್ಟು ಮಂದಿ? ಅದೇ ಹೊತ್ತಿನಲ್ಲಿ ಕೋಚ್ ಬದಲಿಸದ ಇನ್ನೊಂದು ಸೋತ ತಂಡವನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಹತ್ತು ಪಂದ್ಯ ಮುಗಿದ ಮೇಲೆ ಪುಟ ತೆರೆದು ನೋಡಿ. ಬಸ್ಸಿನಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡಿದವನ ಲೆಕ್ಕ ಎಷ್ಟು ಸರಿಯಿತ್ತು ಎಂಬುದು ಆಗ ತಿಳಿಯುತ್ತದೆ.